ನುಗ್ಗಿಕೇರಿಯ ಕಲ್ಲಂಗಡಿ, ಬೆಳಗಾವಿಯ ಮಸೂದೆ

2022ರ ಏಪ್ರಿಲ್ 9, ಶನಿವಾರ. ಧಾರವಾಡದ ಮಗ್ಗುಲಿನ ನುಗ್ಗಿಕೇರಿ ಹನುಮಪ್ಪನ ಗುಡಿ. ಶನಿವಾರ ಅಂದರೆ ಅಲ್ಲಿ ಮಂದಿ ಹೇಗಿರ್ತಾರೆ ಅನ್ನೋದು ಆ ಕಡೆ ಹೋಗಿಬಂದವರಿಗೆ ಗೊತ್ತು. ಗುಡಿಯ ಆವರಣದಲ್ಲಿ ವರ್ಷಗಟ್ಟಲೆಯಿಂದ ಹಣ್ಣು ಮಾರಿಕೊಂಡಿದ್ದ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ಒಂದು ಗುಂಪು ಎತ್ತಿ ಎತ್ತಿ ನೆಲಕ್ಕೆ ಒಗೆಯಿತು. ವಿಡಿಯೋ ರಾಜ್ಯವೆಲ್ಲ ಸುತ್ತಿತು. ಶ್ರೀರಾಮ ಸೇನೆಯವರೆಂದು ನಾಲ್ವರನ್ನು ಪೊಲೀಸರು ಬಂಧಿಸಿದರು.

ಈಗ ಕೇಳಬೇಕಾದ ಮಾತು ಇದು: ಅಲ್ಲಿ ಅಪರಾಧ ಶುರುವಾದದ್ದು ಯಾವಾಗ? ಮೊದಲನೇ ಹಣ್ಣು ಒಡೆದಾಗಲೋ, ಅದಕ್ಕೂ ಮೊದಲೋ?

ಸ್ವಲ್ಪ ಹಿಂದಕ್ಕೆ ಹೋಗೋಣ. ಆ ವರ್ಷ ಮಾರ್ಚ್ 15ಕ್ಕೆ ಹಿಜಾಬ್ ತೀರ್ಪು ಬಂತು. 17ಕ್ಕೆ ಮುಸ್ಲಿಂ ವರ್ತಕರು ಅಂಗಡಿ ಮುಚ್ಚಿ ತಮ್ಮ ಬೇಸರ ತೋರಿಸಿದರು. ಅದಾಗಿ ವಾರ ಕಳೆಯೋದರೊಳಗೆ ಉಡುಪಿ ಕಡೆಯ ಕಾಪು ಮಾರಿಗುಡಿ, ಶಿವಮೊಗ್ಗದ ಕೋಟೆ ಮಾರಿಕಾಂಬಾ, ಹೀಗೆ ಜಾತ್ರೆ ಜಾತ್ರೆಯಲ್ಲೂ ‘ಇವರಿಗೆ ಅಂಗಡಿ ಇಲ್ಲ’ ಅನ್ನುವ ಸುದ್ದಿ ಎದ್ದಿತು.

ಅಂಗಡಿ ಮುಚ್ಚಿದ್ದು ಅವರ ಹಕ್ಕು. ತೀರ್ಪು ಒಪ್ಪೋದಿಲ್ಲ ಅನ್ನೋದು ತಪ್ಪಲ್ಲ. ಹಾಗೆಯೇ ಇನ್ನೊಬ್ಬ ‘ನಾನು ಅವರಲ್ಲಿ ವ್ಯಾಪಾರ ಮಾಡೋದಿಲ್ಲ’ ಅಂದರೆ ಅದು ಅವನ ರೊಕ್ಕ, ಅವನ ಇಷ್ಟ. ಯಾವ ಪೊಲೀಸಪ್ಪನೂ ಕೈಹಿಡಿದು ಕಲ್ಲಂಗಡಿ ಕೊಡಿಸಲಾರ. ಆದರೆ ಜಾತ್ರೆಯ ಬಾಗಿಲಿಗೆ ಇಂಥ ಜನ ಬರುವ ಹಾಗಿಲ್ಲ ಎಂದು ಬ್ಯಾನರ್ ಕಟ್ಟಿದರೆ ಅದು ಅಭಿಪ್ರಾಯ ಹೇಳಿದ ಹಾಗಲ್ಲ. ಅದು ಹುಕುಂ. ಹುಕುಂ ಕೊಡಲಿಕ್ಕೆ ಬ್ಯಾನರ್ ಕಟ್ಟಿದವನು ಯಾರು? ತಹಶೀಲ್ದಾರನೇ, ಮಾಮಲೇದಾರನೇ?

ಇಲ್ಲೊಂದು ತಮಾಷೆ ನೋಡಿರಿ. ಈ ಬೇಲಿಗೆ ಗೂಟ ಕೊಟ್ಟದ್ದೂ ಸರಕಾರವೇ. ಧಾರ್ಮಿಕ ದತ್ತಿ ಇಲಾಖೆಯ 2002ರ ನಿಯಮದಲ್ಲಿ, ದೇವಸ್ಥಾನದ ಹತ್ತಿರದ ಜಾಗ, ಕಟ್ಟಡ ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂದಿದೆ. 2022ರ ಮಾರ್ಚ್‌ನಲ್ಲಿ ಬಿಜೆಪಿಯ ಕಾನೂನು ಮಂತ್ರಿಗಳು ವಿಧಾನಸಭೆಯಲ್ಲಿ ಇದನ್ನೇ ಎತ್ತಿ ತೋರಿಸಿದರು. ನಿಯಮ ಬಂದಾಗ ಇದ್ದದ್ದು ಕಾಂಗ್ರೆಸ್ ಸರಕಾರ. ಕಂಬಳಿಯಲ್ಲಿ ಇಬ್ಬರೂ ಕೂತು ಉಂಡವರೇ, ಕೂದಲು ಮಾತ್ರ ಒಬ್ಬರ ಎಲೆಯಲ್ಲಿ ಇನ್ನೊಬ್ಬರು ಹುಡುಕುತ್ತಾರೆ.

ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿದೆ. ಅದರದೇ ಎರಡನೇ ಕಲಮು ಕಡಿವಾಣವನ್ನೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ ಅನ್ನುವ ಮಾತುಗಳು ಅದರೊಳಗೆ ಸೇರಿದ್ದು 1951ರ ಮೊದಲನೇ ತಿದ್ದುಪಡಿಯಲ್ಲಿ. ಗೆರೆ ಎಲ್ಲಿ ಎಂಬುದನ್ನು ಸುಪ್ರೀಂ ಕೋರ್ಟು 2015ರಲ್ಲಿ, ಐಟಿ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕುವಾಗ, ಸುಮಾರಾಗಿ ಬಿಡಿಸಿ ಹೇಳಿತು. ಚರ್ಚೆ ಒಂದು, ಪ್ರತಿಪಾದನೆ ಒಂದು, ಪ್ರಚೋದನೆ ಒಂದು. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಹಕ್ಕಿನ ಒಳಗೇ. ಮೂರನೆಯದಕ್ಕೆ ಬಂದಾಗ ಕಾನೂನು ಕೈ ಹಾಕಬಹುದು.

ನಮ್ಮ ಬಸ್‌ಸ್ಟ್ಯಾಂಡಿನ ಭಾಷೆಯಲ್ಲಿ ಹೇಳೋದಾದರೆ, ‘ಮಾರ್ಕೆಟ್ಟಿನಲ್ಲಿ ಅವರದೇ ದರ್ಬಾರಾಗೇತಿ’ ಅಂತ ಚಹಾದ ಅಂಗಡಿಯಲ್ಲಿ ಅಂದರೆ ಚರ್ಚೆ. ‘ನಮ್ಮವರ ಹತ್ತಿರವೇ ತಗೋರಿ’ ಅಂದರೆ ಪ್ರತಿಪಾದನೆ. ಕೇಳಲಿಕ್ಕೆ ಚಂದ ಇಲ್ಲ, ಆದರೂ ಅಲ್ಲಿಗೆ ಠಾಣೆ ಬೇಡ. ‘ನಾಳೆ ಶನಿವಾರ, ಅವರ ಗಾಡಿ ಅಲ್ಲಿ ಕಾಣಬಾರದು, ನೋಡಿಕೊಳ್ರಿ’ ಅಂದರೆ ಮುಗಿಯಿತು. ಆ ಮಾತಿನ ಬಾಲದಲ್ಲಿ ಒಂದು ಕೆಲಸ ಇದೆ, ಒಂದು ಜಾಗ ಇದೆ, ಒಂದು ಹೊತ್ತು ಇದೆ. ನನ್ನ ಲೆಕ್ಕದಲ್ಲಿ ನುಗ್ಗಿಕೇರಿಯಂಥ ಪ್ರಕರಣದಲ್ಲಿ ಪೊಲೀಸರು ಹುಡುಕಬೇಕಾದ್ದು ಈ ಮಾತನ್ನು. ಹಣ್ಣು ಒಗೆದವರು ವಿಡಿಯೋದಲ್ಲಿ ಸಿಗುತ್ತಾರೆ. ‘ನೋಡಿಕೊಳ್ರಿ’ ಅಂದವನು ವಿಡಿಯೋದಲ್ಲಿ ಇರೋದಿಲ್ಲ.

ಕೈ ಎತ್ತದೆಯೂ ಹಾನಿ ಆಗುತ್ತದೆ, ಅದನ್ನೂ ಮರೆಯಬಾರದು. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಈಶಾನ್ಯದ ಸಾವಿರಾರು ಜನ ಬರೀ ಎಸ್ಸೆಮ್ಮೆಸ್ ಗಾಳಿಸುದ್ದಿಗೆ ಹೆದರಿ ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರಕಾರ ಹದಿನೈದು ದಿನ ಒಟ್ಟಿಗೆ 5ಕ್ಕಿಂತ ಹೆಚ್ಚು ಮೆಸೇಜು ಕಳಿಸಬಾರದೆಂದು ಕಟ್ಟು ಹಾಕಿತು. ಇನ್ನು 2020ರ ಆಗಸ್ಟ್‌ನಲ್ಲಿ ಡಿ.ಜೆ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟಿನ ಸಿಟ್ಟಿಗೆ ಠಾಣೆ, ಮನೆ, ಗಾಡಿ ಸುಟ್ಟರು. ಗೋಲಿಬಾರಿನಲ್ಲಿ ಮೂವರು ಸತ್ತರು. ಪೋಸ್ಟು ಅಪರಾಧವಾಗಿರಬಹುದು, ಅದಕ್ಕೆ ಕಲಮು ಇದೆ. ಆದರೆ ನೊಂದೆವು ಅನ್ನೋದು ಬೆಂಕಿಗೆ ಲೈಸೆನ್ಸ್ ಅಲ್ಲ. ಇದು ಎರಡೂ ಕಡೆಯವರಿಗೆ ಹೇಳಿದ ಮಾತು.

ಪೊಲೀಸರ ಕೈಯಲ್ಲಿ ಕಾನೂನು ಇಲ್ಲವೆ? ಬೇಕಾದಷ್ಟಿದೆ. ಹಳೇ 153ಎ ಈಗ ನ್ಯಾಯ ಸಂಹಿತೆಯ 196. ಮೂರು ವರ್ಷದ ತನಕ ಜೈಲು, ಪೂಜಾಸ್ಥಳದಲ್ಲಾದರೆ ಐದು. ದಲಿತರನ್ನು ಸಾರ್ವಜನಿಕರ ಕಣ್ಣೆದುರು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿ, ಭಾಷೆ, ಜನಾಂಗದ ಕಾರಣಕ್ಕೆ ಐದು ಮಂದಿ ಸೇರಿ ಕೊಂದರೆ 103ರ ಎರಡನೇ ಉಪಕಲಮು ಇದೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ದ್ವೇಷ ಭಾಷಣವಾದರೆ ದೂರಿಗೆ ಕಾಯದೆ, ಮಾತಾಡಿದವನ ಧರ್ಮ ನೋಡದೆ ಕೇಸು ಹಾಕಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿಬಿಟ್ಟಿದೆ. ಆದರೂ ಭಾಷಣ ಮುಗಿದು ಶಾಮಿಯಾನ ಬಿಚ್ಚಿದ ಮೇಲೇ ನಮ್ಮವರು ಎಚ್ಚರಾಗೋದು.

ಇಷ್ಟೆಲ್ಲ ಇರುವಾಗ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲದ ನಡುವೆ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಎರಡೂ ಸದನದಲ್ಲಿ ಪಾಸಾಯಿತು. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಹೆಚ್ಚೆಂದರೆ 7 ವರ್ಷ, 50 ಸಾವಿರ ದಂಡ, ಜಾಮೀನಿಲ್ಲ. ಲಿಂಗ, ಅಂಗವೈಕಲ್ಯ, ಹುಟ್ಟಿದ ಊರು, ಭಾಷೆ ಇವನ್ನೂ ಸೇರಿಸಿದ್ದಾರೆ, ಒಳ್ಳೇದು. ಆದರೆ ವ್ಯಾಖ್ಯೆ ಓದಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಅದರ ಪ್ರಕಾರ ದ್ವೇಷ ಅಪರಾಧ ಎಂದರೆ ದ್ವೇಷ ಭಾಷಣವನ್ನು ಹೇಳುವುದು, ಹಂಚುವುದು, ಅದಕ್ಕೆ ಕುಮ್ಮಕ್ಕು ಕೊಡುವುದು. ಅಂದರೆ ಮಾತೇ ಅಪರಾಧ. ಮಾತು ಮತ್ತು ಕೃತ್ಯದ ನಡುವಿನ ಗೆರೆಯನ್ನೇ ಅಳಿಸಿ ‘ಗೆರೆ ಎಳೆದೆವು’ ಅಂತ ಬೆನ್ನು ತಟ್ಟಿಕೊಂಡರು.

ಇನ್ನೊಂದು ಸಣ್ಣ ಸಂಗತಿ, ಸಣ್ಣದಲ್ಲ. 2025ರ ಮಾರ್ಚ್‌ನಲ್ಲಿ ಗುಜರಾತಿನ ಪೊಲೀಸರು ಒಬ್ಬ ಸಂಸದರು ಹಾಕಿದ ಕವಿತೆಗೆ ಹೂಡಿದ್ದ ಕೇಸನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಮಾತನ್ನು ಗಟ್ಟಿ ಮನಸ್ಸಿನ ವಿವೇಕಿಯ ಕಣ್ಣಿಂದ ಅಳೆಯಿರಿ, ಪುಕ್ಕಲನ ಕಣ್ಣಿಂದಲ್ಲ ಎಂಬುದು ಅದರ ಧಾಟಿ. ಇಂಥ ಕೇಸಿನಲ್ಲಿ ಎಫ್‌ಐಆರ್‌ಗೆ ಮುಂಚೆ 14 ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದಲ್ಲ ಎಂದೂ ಕೇಳಿತು. ಆ ಅನುಕೂಲ ಇರೋದು 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ. ಪೂರಾ 7 ಎಂದು ಬರೆದರೆ ಆ ಬಾಗಿಲು ಮುಚ್ಚಿತು. ನಾಳೆ ಈ ಕಲಮು ಯಾವ ಪಕ್ಷದ ಗೃಹಮಂತ್ರಿಯ ಕೈಗೆ ಹೋಗುತ್ತದೋ, ಯಾವ ಪತ್ರಕರ್ತನ ಮೇಲೆ ಬೀಳುತ್ತದೋ!

ಮತ್ತೆ ಆ ಕಲ್ಲಂಗಡಿ. ಹಳೇ ದಂಡ ಸಂಹಿತೆಯ 427ರಲ್ಲಿ 50 ರೂಪಾಯಿ ನಷ್ಟ ಮಾಡಿದವನಿಗೂ 2 ವರ್ಷದ ತನಕ ಶಿಕ್ಷೆ ಇತ್ತು. ಈಗಿನ 324ರಲ್ಲಿ 2 ವರ್ಷ ಬೇಕಾದರೆ ನಷ್ಟ 20 ಸಾವಿರ ದಾಟಬೇಕು. ಅದರ ಕೆಳಗಾದರೆ ಶಿಕ್ಷೆ ಇನ್ನೂ ಕಡಿಮೆ, ಇಲ್ಲವೆ ದಂಡ. ಗುಡಿ ಮುಂದೆ ಹಣ್ಣು ಹರವಿಕೊಂಡು ಕೂತವನ ಮಾಲು 20 ಸಾವಿರದ್ದು ಅಂತ ಪಂಚನಾಮೆಯಲ್ಲಿ ಬರೆಸೋದು ಹೇಗೆ? ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ತಂದ ಹಣ್ಣಿಗೆ ಬಿಲ್ಲು ಯಾರು ಕೊಟ್ಟಿರ್ತಾರೆ, ಸ್ವಾಮಿ?