ಔಷಧದಾನವೂ ಅಭಯದಾನವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನ ಸಮಾಜವು ಎಂದೂ ಹಿಂಜರಿದುದಿಲ್ಲ. ಕಣ್ಣಿನ ಶಿಬಿರ, ರಕ್ತಪರೀಕ್ಷಾ ಕೇಂದ್ರ, ಡಯಾಲಿಸಿಸ್ ಯಂತ್ರ ಇವುಗಳ ಮೇಲೆ ಶ್ರಾವಕ ಕುಟುಂಬಗಳ ಹೆಸರು ಹೊತ್ತ ಫಲಕಗಳು ಎಷ್ಟೋ ಊರುಗಳಲ್ಲಿವೆ. ಜೈವಿಕ ವೈದ್ಯಕೀಯ ತಂತ್ರಜ್ಞಾನ ಮತ್ತು ಡಿಜಿಟಲ್ ಆರೋಗ್ಯವನ್ನು ಕುರಿತು ವಿಶ್ವವಿದ್ಯಾನಿಲಯಗಳು ಏರ್ಪಡಿಸುವ ಸಂಶೋಧನಾ ಸಮ್ಮೇಳನಗಳಿಗೆ ನೆರವು ಕೋರಿ ಬಂದವರಿಗೂ ಇದೇ ಔದಾರ್ಯ ದೊರೆಯುವುದುಂಟು. ಕೊಡುವುದು ತಪ್ಪಲ್ಲ, ಒಂದು ಪ್ರಶ್ನೆಯನ್ನೂ ಕೇಳದೆ ಕೊಡುವುದು ತಪ್ಪು. ಅಭಯವನ್ನು ಕಸಿದುಕೊಂಡು ನಡೆಯುವ ಔಷಧದಾನವು ದಾನವೆನಿಸದು.

ಇಂಥ ಸಮ್ಮೇಳನಗಳಲ್ಲಿ ಕೃತಕ ಹೃದಯಕವಾಟ, ಮೂಳೆಗೆ ಕೂಡಿಸುವ ಲೋಹ, ನಾಡಿಬಡಿತವನ್ನು ಅಳೆಯುವ ಕೈಪಟ್ಟಿ, ರೋಗವನ್ನು ಮುಂಚಿತವಾಗಿ ಊಹಿಸುವ ಗಣಕವಿಧಾನ ಮೊದಲಾದವುಗಳ ಮೇಲೆ ಪ್ರಬಂಧಗಳು ಮಂಡಿತವಾಗುತ್ತವೆ. ಮುಂದಿನ ಪ್ರಯೋಗಗಳ ಯೋಜನೆಗಳೂ ಅಲ್ಲಿಯೇ ಮೊಳೆಯುತ್ತವೆ. ನೀತಿಯ ಮಾತಾದರೋ ಬಹುಪಾಲು ಪ್ರಬಂಧದ ಕೊನೆಯಲ್ಲಿ, ಸಮಿತಿಯ ಅನುಮತಿ ದೊರೆತಿದೆ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಜೈನ ಸಿದ್ಧಾಂತವು ಈ ಕ್ರಮವನ್ನು ಒಪ್ಪದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಪಾಪಕ್ರಿಯೆಯ ಮೂರು ಹಂತಗಳು ಹೇಳಲ್ಪಟ್ಟಿವೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಇವನ್ನು ಮನ, ವಚನ, ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳನ್ನು ಈ ಲೆಕ್ಕಕ್ಕೆ ಹೊಂದಿಸಿ ಹೇಳುವ ಪದ್ಧತಿಯೂ ಉಂಟು. ಮಾಲೆಯನ್ನು ದಿನವೂ ತಿರುಗಿಸುವ ಶ್ರಾವಕನು ಅದರ ಅರ್ಥವನ್ನು ದಾನದ ಹೊತ್ತಿನಲ್ಲಿ ಮರೆಯಬಹುದೆ? ಸಮ್ಮೇಳನವೆಂಬುದು ಸಂಶೋಧನೆಯ ಸಂರಂಭ. ಧನ ನೀಡಿದವನು ಸಮಾರಂಭದಲ್ಲಿ ಪಾಲುಗಾರ. ವೇದಿಕೆಯಲ್ಲಿ ಶಾಲು ಹೊದೆದು ಹರಸಿದವನು ಅನುಮತದಲ್ಲಿ ಪಾಲುಗಾರ. ಪ್ರಯೋಗಶಾಲೆಯೊಳಗೆ ತಾನು ಕಾಲಿಡಲಿಲ್ಲವೆಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಹಾಗೆಂದು ಈ ವಿಜ್ಞಾನವನ್ನೇ ಹಳಿಯುವುದು ಅವಿವೇಕ. ಕೆಟ್ಟುಹೋದ ಹೃದಯಕವಾಟದ ಸ್ಥಾನದಲ್ಲಿ ಹಂದಿಯ ಕವಾಟವನ್ನಾಗಲಿ ದನದ ಹೃದಯದ ಹೊರಪೊರೆಯಿಂದ ರಚಿಸಿದ ಕವಾಟವನ್ನಾಗಲಿ ಕೂಡಿಸುವ ಪದ್ಧತಿ ಇಂದಿಗೂ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡು, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲ್ಪಟ್ಟ ಕವಾಟವಾದರೋ ಲೋಹ ಮತ್ತು ಪ್ಲಾಸ್ಟಿಕ್ಕಿನದು. ಸ್ವದೇಶದಲ್ಲಿಯೇ ತಯಾರಾದ ಆ ಕವಾಟ ಅಸಂಖ್ಯ ಬಡವರ ಪ್ರಾಣ ಉಳಿಸಿತು. ಆದರೆ ಅದೂ ಮನುಷ್ಯರಿಗೆ ಬರುವ ಮುನ್ನ ಕುರಿಗಳಲ್ಲಿ ಪರೀಕ್ಷೆಗೊಳಗಾಯಿತು. ಆ ಮೂಕಜೀವಿಗಳ ಋಣವನ್ನು ಮರೆತು ಯಾರೂ ಶುದ್ಧರೆನಿಸಲಾರರು. ಬೇರೆ ದಾರಿಯಿಲ್ಲ ಎಂಬುದು ಅಂದಿನ ಸಮರ್ಥನೆ. ಇಂದು ಆ ಸಮರ್ಥನೆ ಎಲ್ಲೆಡೆಯೂ ನಿಲ್ಲದು.

ದೇಹದೊಳಗೆ ಸೇರುವ ಸಾಧನಗಳಲ್ಲಿಯೂ ಚುಚ್ಚುಮದ್ದುಗಳಲ್ಲಿಯೂ ಬ್ಯಾಕ್ಟೀರಿಯಾಗಳ ವಿಷಾಂಶವಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಇದಕ್ಕಾಗಿ ಮೊದಲು ಮೊಲಗಳನ್ನು ಬಳಸುತ್ತಿದ್ದರು. ಬಳಿಕ ಹಾರ್ಸ್‌ಶೂ ಏಡಿಯೆಂಬ ಕಡಲಜೀವಿಯ ನೀಲಿ ರಕ್ತವನ್ನು ಹೀರಿ ತೆಗೆಯತೊಡಗಿದರು. ಕಡಲಿಗೆ ಮರಳಿ ಬಿಟ್ಟರೂ ಅವುಗಳಲ್ಲಿ ಒಂದಷ್ಟು ಸಾಯುತ್ತವೆ. ಆ ರಕ್ತದಲ್ಲಿರುವ ಮುಖ್ಯ ವಸ್ತುವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವ ವಿಧಾನವನ್ನು ಸಿಂಗಪುರದ ವಿಜ್ಞಾನಿಗಳು ಕಂಡುಹಿಡಿದರು. 2021ರಲ್ಲಿ ಯುರೋಪಿನ ಔಷಧಸಂಹಿತೆಯೂ ಅದನ್ನು ಮಾನ್ಯಮಾಡಿತು. ಮನುಷ್ಯನ ಶ್ವಾಸಕೋಶದ ಜೀವಕೋಶಗಳನ್ನು ಪುಟ್ಟ ಫಲಕದೊಳಗೆ ಬೆಳೆಸಿ ಅದರ ಉಸಿರಾಟವನ್ನು ಅನುಕರಿಸುವ ಸಾಧನವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿಯೇ ಪ್ರಕಟಿಸಿದರು. ಹೊಸ ಔಷಧಗಳ ಪರೀಕ್ಷೆಗೆ ಇಂಥ ಪ್ರಾಣಿರಹಿತ ವಿಧಾನಗಳನ್ನು ಭಾರತದ ನಿಯಮಗಳೂ 2023ರ ಮಾರ್ಚಿನ ತಿದ್ದುಪಡಿಯಿಂದ ಅಂಗೀಕರಿಸಿವೆ. ಸಾಧ್ಯವಿರುವೆಡೆಯಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಆಶಯವೂ ಹೌದು.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಸಂಪೂರ್ಣವಾಗಿ ತಪ್ಪವು. ಸಂಕಲ್ಪೀ ಹಿಂಸೆಯಾದರೋ ಅಣುವ್ರತಿಗೆ ಸರ್ವಥಾ ವರ್ಜ್ಯ. ಬೇರೆ ದಾರಿಯಿದೆಯೆಂದು ತಿಳಿದ ಮೇಲೆಯೂ, ಹಳೆಯ ರೂಢಿಯೆಂದೋ ಖರ್ಚು ಕಡಿಮೆಯೆಂದೋ ಮೊಲದ ಪಂಜರವನ್ನು ತೆರೆದರೆ ಅದು ಸಂಕಲ್ಪೀ ಹಿಂಸೆಯಲ್ಲದೆ ಮತ್ತೇನು? ಪ್ರಾಣಿಗಳನ್ನು ಬಿಟ್ಟರೆ ಮನುಷ್ಯರು ಸಾಯುತ್ತಾರೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಇಡೀ ಹೃದಯದ ಕಾರ್ಯವನ್ನು ಪುಟ್ಟ ಫಲಕವೊಂದು ಇನ್ನೂ ತೋರಿಸಲಾರದು. ಆದರೆ ಒಂದೆಡೆಯ ಅನಿವಾರ್ಯತೆಯು ಎಲ್ಲೆಡೆಯ ಪರವಾನಗಿಯಾಗಬಾರದು.

ಅಭಯವು ತಿರ್ಯಂಚ ಜೀವಿಗಳಿಗೆ ಮಾತ್ರವಲ್ಲ, ರೋಗಿಗೂ ಸಲ್ಲಬೇಕು. ಡಿಜಿಟಲ್ ಆರೋಗ್ಯದ ಸಂಶೋಧನೆಗೆ ರೋಗಿಯ ದಾಖಲೆಯೇ ಕಚ್ಚಾವಸ್ತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗಳ ಆಡಳಿತವು ಸುಮಾರು 16 ಲಕ್ಷ ರೋಗಿಗಳ ವಿವರಗಳನ್ನು, ಮೂತ್ರಪಿಂಡದ ತೊಂದರೆಯನ್ನು ಗುರುತಿಸುವ ಸಾಧನದ ಪರೀಕ್ಷೆಗಾಗಿ ಡೀಪ್‌ಮೈಂಡ್ ಕಂಪನಿಗೆ ಒಪ್ಪಿಸಿತ್ತು. ರೋಗಿಗಳಿಗೆ ಸಾಕಷ್ಟು ತಿಳಿಸದೆ ನಡೆದ ಈ ಕಾರ್ಯ ಕಾನೂನಿಗೆ ವಿರುದ್ಧವೆಂದು 2017ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ನಿರ್ಣಯಿಸಿದರು. ಉದ್ದೇಶ ಒಳ್ಳೆಯದಿತ್ತಲ್ಲ ಎನ್ನುವವರಿಗೆ ಅಚೌರ್ಯವ್ರತವು ಸ್ಪಷ್ಟವಾದ ಉತ್ತರ ನೀಡುತ್ತದೆ: ಕೊಡದೆ ಇದ್ದುದನ್ನು ಕೊಳ್ಳುವುದೇ ಅದತ್ತಾದಾನ. ಕೊಂಡವನ ಉದ್ದೇಶವು ಕೊಡದವನ ಒಪ್ಪಿಗೆಯಾಗದು.

ಈ ದೋಷವು ದೂರದೇಶದ್ದೆಂದು ಟ್ರಸ್ಟುಗಳು ನಿಶ್ಚಿಂತವಾಗಿರಬೇಕಿಲ್ಲ. ಬಸದಿಯ ಆವರಣದಲ್ಲಿ ಉಚಿತ ತಪಾಸಣಾ ಶಿಬಿರ ನಡೆದಾಗ ಬಡ ರೋಗಿಯು ತನ್ನ ಸಕ್ಕರೆಯ ಪ್ರಮಾಣವನ್ನೂ ಮನೆತನದ ರೋಗವನ್ನೂ ನಂಬಿಕೆಯಿಂದ ಬರೆಸುತ್ತಾನೆ. ಆ ಪುಸ್ತಕ ಶಿಬಿರ ಮುಗಿದ ಮೇಲೆ ಯಾರ ಗಣಕದಲ್ಲಿ ಸೇರುತ್ತದೆ? ವಿಮೆಯವರಿಗೋ ಮಗಳ ಸಂಬಂಧ ನೋಡಲು ಬಂದವರಿಗೋ ಅದು ತಿಳಿದುಹೋದರೆ ಆ ಕುಟುಂಬದ ಗತಿಯೇನು? ವ್ಯಕ್ತಿಯ ಮಾಹಿತಿಯನ್ನು ರಕ್ಷಿಸಲು ಸಂಸತ್ತು 2023ರಲ್ಲಿ ಕಾಯ್ದೆ ಮಾಡಿತು. ಅಚೌರ್ಯವನ್ನು ವ್ರತವಾಗಿ ಹೊತ್ತ ಸಮಾಜವು ಕಾಯ್ದೆಯ ಭಯಕ್ಕಾಗಿ ಕಾಯಬೇಕೆ?

ಆದುದರಿಂದ ಧನಸಹಾಯಕ್ಕೆ ಸಹಿ ಮಾಡುವ ಮುನ್ನ ಧರ್ಮದರ್ಶಿಗಳು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಲಿ. ಈ ಸಂಶೋಧನೆಯಲ್ಲಿ ಪ್ರಾಣಿಗಳ ಬಳಕೆಯಿದೆಯೆ, ಇದ್ದರೆ ಪರ್ಯಾಯವನ್ನು ಹುಡುಕಿದ್ದಾರೆಯೆ? ರೋಗಿಯ ವಿವರಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೇಳಿ ಪಡೆದಿದ್ದಾರೆಯೆ? ಕೆಲಸ ಮುಗಿದ ಮೇಲೆ ಅವು ಯಾರ ವಶದಲ್ಲಿರುತ್ತವೆ? ಸಮ್ಮೇಳನಕ್ಕೆ ನೆರವಾಗುವುದಾದರೆ ಪರ್ಯಾಯ ವಿಧಾನಗಳ ಗೋಷ್ಠಿಯೊಂದು ಮೊದಲ ದಿನವೇ ನಡೆಯಲೆಂಬ ನಿಬಂಧನೆಯೂ ಇರಲಿ. ಜೈನ ಆಡಳಿತದ ಕಾಲೇಜುಗಳು ಇದಕ್ಕೆ ಮೇಲ್ಪಂಕ್ತಿಯಾಗಲಿ. ಈ ಪ್ರಶ್ನೆಗಳಿಗೆ ನಿಜವಾದ ವಿಜ್ಞಾನಿ ಬೇಸರಪಡುವುದಿಲ್ಲ. ಬೇಸರಪಟ್ಟವನ ಕೈಗೆ ಧರ್ಮದ ದ್ರವ್ಯ ಸೇರದಿರುವುದೇ ಲೇಸು.