ಸಾಗವಾನಿ ಮಾರಿ ಹೊಟ್ಟು ತಂದವರು ನಾವು

ಲಗ್ನದ ದಿನಗಳಲ್ಲಿ ನಮ್ಮೂರ ಕ್ರಾಸಿನಲ್ಲಿ ಚಹಾ ಕುಡಿಯುತ್ತ ನಿಂತರೆ ಟಂಟಂ ಗಾಡಿಗಳು ಒಂದರ ಹಿಂದೊಂದು ಹೋಗುವುದನ್ನು ನೋಡಬಹುದು. ಪ್ಲಾಸ್ಟಿಕ್ ಸುತ್ತಿದ ಪಲ್ಲಂಗ, ಉದ್ದ ಕನ್ನಡಿಯ ವಾರ್ಡ್‌ರೋಬು, ಡ್ರೆಸಿಂಗ್ ಟೇಬಲ್ಲು, ಸೋಫಾ. ಹೆಣ್ಣಿನ ಮನೆಯ ಮರ್ಯಾದೆ ಅದರ ಮೇಲೆ ಹಗ್ಗ ಬಿಗಿಸಿಕೊಂಡು ಕೂತಿರುತ್ತದೆ. ಗಂಡಿನ ಊರು ತಲುಪಿ, ಓಣಿಯವರೆಲ್ಲ ನೋಡಿ, ಆ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ಮೊದಲನೇ ಕಂತಿನ ಮೆಸೇಜು ಬಂದಿರುತ್ತದೆ.

ಬೇರೆಯವರ ಕಡೆ ಬೆರಳು ಮಾಡಿ ಇದನ್ನು ಬರೆಯುತ್ತಿಲ್ಲ. ಮೊದಲು ನಮ್ಮದೇ ಹೇಳಿಬಿಡುತ್ತೇವೆ.

ಹಳೇ ಮನೆ ಇಳಿಸಿ ಎರಡು ಕೋಣೆಯ ಆರ್‌ಸಿಸಿ ಮನೆ ಕಟ್ಟಿದಾಗ ಅಟ್ಟದ ಮೇಲೆ ಅಜ್ಜಿಯ ಸಾಗವಾನಿ ಪೆಟ್ಟಿಗೆ ಇತ್ತು. ಹಿತ್ತಲಲ್ಲಿ ಪಡಸಾಲೆಯ ಜೋಡಿ ಬಾಗಿಲು, ಚೌಕಟ್ಟು ಸಮೇತ ಒರಗಿಸಿದ್ದೆವು. ಗುಜರಿಯವನು ಬಂದ, ಕಾಲಿನಿಂದ ಒದ್ದು ನೋಡಿದ, "ಹಳೇ ಕಟಗಿ, ಒಲಿಗಿ ಹಾಕಾಕಷ್ಟ ಬರ್ತೈತಿ" ಅಂದ. ಎಲ್ಲಾ ಸೇರಿ 1,800 ರೂಪಾಯಿ. ಜಾಗ ಖಾಲಿಯಾಯಿತಲ್ಲ ಎಂದು ನಾವೇ ಹೊತ್ತು ಗಾಡಿಗೆ ಹಾಕಿಕೊಟ್ಟೆವು. ಅದೇ ತಿಂಗಳು ಪೇಟೆಯಿಂದ 22,000 ರೂಪಾಯಿಯ ಮೂರು ಬಾಗಿಲಿನ ವಾರ್ಡ್‌ರೋಬು ತಂದೆವು, ಹನ್ನೆರಡು ಕಂತಿಗೆ.

ಎರಡನೇ ಮಳೆಗಾಲಕ್ಕೆ ಅದರ ತಳ ಚಹಾದಾಗ ಅದ್ದಿದ ಬಿಸ್ಕೀಟಿನಂತೆ ಉಬ್ಬಿತು. ಬಾಗಿಲು ಜೋತುಬಿತ್ತು. ಬಡಿಗೇರ ಕಾಕಾನನ್ನು ಕರೆಸಿದೆವು. ಸ್ಕ್ರೂ ತಿರುಗಿಸಿದ, ಅದು ಗರಗರ ತಿರುಗಿತೇ ಹೊರತು ಹಿಡಿಯಲಿಲ್ಲ. "ಇದಕ ಮೊಳಿ ನಿಲ್ಲಂಗಿಲ್ಲೋ ತಮ್ಮಾ. ಇದು ಕಟಗಿ ಅಲ್ಲ, ಹೊಟ್ಟು" ಅಂದು ಕೈ ಝಾಡಿಸಿಕೊಂಡು ಎದ್ದ. ಕೂಲಿ ತಗೊಳ್ಳಲಿಲ್ಲ. ಅದು ಇನ್ನಷ್ಟು ಅವಮಾನ.

ಕಾಕಾ ಹೇಳಿದ್ದು ಅಕ್ಷರಶಃ ನಿಜ. ಪಾರ್ಟಿಕಲ್ ಬೋರ್ಡು ಅಂದರೆ ಮರದ ಚೂರು, ಗರಗಸದ ಹೊಟ್ಟು ಕೂಡಿಸಿ, ಅಂಟು ಕಲಸಿ, ಬಿಸಿ ಮಾಡಿ ಒತ್ತಿದ ಹಲಗೆ. ಮೇಲೆ ಮರದ ಗೆರೆ ಅಚ್ಚುಹಾಕಿದ ಕಾಗದದ ಹೊದಿಕೆ. ಅಂಚು ಕಿತ್ತು ಒಮ್ಮೆ ನೀರು ಒಳಗೆ ಹೋಯಿತೆಂದರೆ ಉಬ್ಬುತ್ತದೆ, ಉಬ್ಬಿದ್ದು ಒಣಗಿದರೂ ಮೊದಲಿನಂತಾಗುವುದಿಲ್ಲ. ಪೇಟೆಯ ನಾಲ್ಕನೇ ಮಹಡಿಯ ಒಣ ಕೋಣೆಯಲ್ಲಿ ಅದು ಹತ್ತು ವರ್ಷ ಬಾಳಬಹುದು, ಬಾಳಲಿ. ನಮ್ಮ ಮನೆಗಳಲ್ಲಿ ಕೊಡ ನೀರು ಚೆಲ್ಲಿ ನೆಲ ತೊಳೆಯುತ್ತೇವೆ, ಗೋಡೆ ಮಳೆಗಾಲ ಪೂರ್ತಿ ಹಸಿ ಇರುತ್ತದೆ. ಅಂಗಡಿಯವನಿಗೆ ಇದು ಗೊತ್ತು. ಅವನು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಹೋಗಲಿ, ಬೋರ್ಡು ಕೆಟ್ಟರೆ ಕೆಡಲಿ. ಸಾಲ ಕೆಡುವುದಿಲ್ಲವಲ್ಲ, ಅದು ಮಾತ್ರ ಗಟ್ಟಿ ಸಾಗವಾನಿ.

ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳದ ಬಗ್ಗೆ ವರದಿ ಮಾಡಲು ನಾವು ಸಾಕಷ್ಟು ಮನೆಗಳಿಗೆ ಹೋಗಿದ್ದೇವೆ. ಈ ಕಿರುಕುಳ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ಮನೆಯಲ್ಲಿ ಅಕ್ಕ ಒಬ್ಬಳು ಕೂಡ್ರಿ ಎಂದು ಸೋಫಾ ತೋರಿಸಿದಳು. ಕೂತರೆ ಚರಚರ ಸದ್ದು. ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಯಾವ ಸಾಲ, ಎಷ್ಟು ಸಾಲ, ಯಾತಕ್ಕೆ ತಗೊಂಡಿರಿ ಎಂದು ಕೇಳುತ್ತ ಹೋದೆವು. ಬೀಜ, ಗೊಬ್ಬರ, ಆಸ್ಪತ್ರೆ ಎಲ್ಲ ಹೇಳಿದಳು. ಕಡೆಗೆ ನಾವು ಕೂತ ಸೋಫಾ ಕಡೆ ಕಣ್ಣು ಹಾಯಿಸಿ, "ಇದರದೂ ಅದರಾಗ ಐತ್ರಿ" ಅಂದಳು. ಮಗಳ ಲಗ್ನಕ್ಕೆ ಒಂದು ಸೆಟ್ಟು ತರುವಾಗ ರೇಟು ಕಡಿಮೆ ಆಗುತ್ತದೆಂದು ಮನೆಗೂ ಒಂದು ತಂದಿದ್ದರು. ನಮ್ಮ ವರದಿಯಲ್ಲಿ ಬೀಜ ಗೊಬ್ಬರ ಬಂತು, ಸೋಫಾ ಬರಲಿಲ್ಲ. ಬರೆಯಲು ನಾಚಿಕೆಯಾಯಿತು, ನಮ್ಮ ಮನೆಯಲ್ಲೂ ಅಂಥದೇ ಒಂದು ಇತ್ತಲ್ಲ.

"ಬಡ್ಡಿ ಇಲ್ಲರೀ, ಸೊನ್ನೆ ಪರ್ಸೆಂಟ್" ಎನ್ನುವವರಿಗೆ ಒಂದು ಮಾತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಬೇರೆ ಹೆಸರಲ್ಲಿ ಇರುತ್ತದೆ: ಫೈಲ್ ಚಾರ್ಜು ಎನ್ನುತ್ತಾರೆ, ಇಲ್ಲವೇ ನಗದು ಕೊಟ್ಟವನಿಗೆ ಬಿಡುವ ರಿಯಾಯಿತಿಯನ್ನು ನಿಮಗೆ ಬಿಡುವುದಿಲ್ಲ. ಅಂಗಡಿಗೆ ಹೋದಾಗ "ಈಗಲೇ ಪೂರ್ತಿ ರೊಕ್ಕ ಕೊಟ್ಟರೆ ಎಷ್ಟು?" ಎಂದು ಮೊದಲು ಕೇಳಿ. ಎರಡು ರೇಟಿನ ನಡುವೆ ಇರುವುದೇ ಬಡ್ಡಿ.

ಹಳೇ ಸಾಮಾನು ತಗೊಳ್ಳಿ ಎಂದು ನಾವು ಹೇಳಿದ ಕೂಡಲೇ ಬರುವ ಮಾತು ನಮಗೆ ಗೊತ್ತು. "ಯಾರ ಮನೀದೋ ಏನೋ. ಅದರ ಮ್ಯಾಲೆ ಯಾರರ ಸತ್ತಿದ್ದರ?" ನಮ್ಮ ಅವ್ವನೂ ಇದೇ ಅಂದಳು. ಅದಕ್ಕೆ ಅವ್ವನಿಗೆ ಕೊಟ್ಟ ಉತ್ತರವನ್ನೇ ಇಲ್ಲೂ ಕೊಡುತ್ತೇವೆ.

ಹುಟ್ಟಿದ ಕೂಸಿಗೆ ನಾವು ಹೊಸ ಬಟ್ಟೆ ಹಾಕುತ್ತೇವೆಯೇ? ಹಳೇ ಸೀರೆ, ಹಳೇ ಧೋತರ ಹುಡುಕಿ ಅದರಲ್ಲಿ ಸುತ್ತುತ್ತೇವೆ. ಮೆತ್ತಗಿರುತ್ತದೆ, ಹಿರಿಯರ ಆಯುಷ್ಯ ಸಿಗುತ್ತದೆ ಎನ್ನುತ್ತೇವೆ. ಆ ಕೂಸನ್ನು ಹಾಕುವ ತೊಟ್ಟಿಲು ಯಾರದು? ಸಾಗವಾನಿಯಲ್ಲಿ ಮಾಡಿ ರಾಮಾಯಣ, ಮಹಾಭಾರತದ ಚಿತ್ರ ಬರೆದ ಕಲಘಟಗಿ ತೊಟ್ಟಿಲು ಒಂದು ಮನೆಯಲ್ಲಿದ್ದರೆ ಬೀಗರು, ಬಳಗದವರು ಇಸಕೊಂಡು ಒಯ್ಯುತ್ತಾರೆ. ಎಷ್ಟು ಕೂಸುಗಳು ಅದರಲ್ಲಿ ಮಲಗಿವೆಯೋ ಅಷ್ಟು ಅದಕ್ಕೆ ಗೌರವ. ರಾತ್ರಿ ನಾವು ಹೊದ್ದುಕೊಳ್ಳುವ ಕೌದಿ ಏನು? ಅಜ್ಜಿಯ, ಅವ್ವನ, ಸೋದರತ್ತೆಯ ಹಳೇ ಸೀರೆಗಳೇ ತಾನೆ? ಸತ್ತವರ ಸೀರೆಯೂ ಅದರಲ್ಲಿದೆ. ಚಳಿ ಬಿಡುವಾಗ ಯಾರೂ ಅದನ್ನು ಕೇಳುವುದಿಲ್ಲ.

ಎತ್ತು ತರುವಾಗ ಮತ್ತೊಬ್ಬರ ನೊಗಕ್ಕೆ ದುಡಿದದ್ದನ್ನೇ ತರುತ್ತೇವೆ. ಟ್ರ್ಯಾಕ್ಟರು ಸೆಕೆಂಡ್ ಹ್ಯಾಂಡು, ಮೋಟರ್ ಸೈಕಲ್ಲು ಸೆಕೆಂಡ್ ಹ್ಯಾಂಡು, ಈ ಬರಹ ಓದುತ್ತಿರುವ ಫೋನೂ ಎಷ್ಟೋ ಜನರದು ಸೆಕೆಂಡ್ ಹ್ಯಾಂಡೇ. ಪಲ್ಲಂಗದ ಮಾತು ಬಂದಾಗ ಮಾತ್ರ ಮಡಿ.

ನಾವು ನಾಚಿ ಹೊರಗೆ ಹಾಕಿದ್ದಕ್ಕೆ ಬೇರೆ ಕಡೆ ಸಾಲು ನಿಲ್ಲುತ್ತಾರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಹಳೇ ಮನೆಗಳ ಬಾಗಿಲು, ಕಂಬ, ಪೆಟ್ಟಿಗೆ ಮಾರುವ ಅಂಗಡಿಗಳ ಬೀದಿಯೇ ಇದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಪ್ರವಾಸಿಗರು ಅಂಥದನ್ನೇ ನೋಡಲು, ಕೊಳ್ಳಲು ಬರುತ್ತಾರೆ. ಒದೆ ತಿಂದ ಕಟಗಿ ಅಲ್ಲಿ 'ಆಂಟಿಕ್' ಆಗುತ್ತದೆ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮಣಿಪಾಲದ ವಿಜಯನಾಥ ಶೆಣೈ ಇದ್ದಾರೆ. 2017ರಲ್ಲಿ ತೀರಿಕೊಂಡರು. ಬ್ಯಾಂಕಿನಲ್ಲಿ ನೌಕರಿ ಮಾಡಿದವರು. ಜನ ಹಳೇ ಮನೆ ಕೆಡವಿ ಕಂಬ, ಬಾಗಿಲು, ಕಿಟಕಿ ಸೌದೆಗೆ ಹಾಕುವ ಕಾಲದಲ್ಲಿ ಅವನ್ನು ಆರಿಸಿ ತಂದು, ಅವುಗಳಿಂದಲೇ ತಮ್ಮ ವಾಸದ ಮನೆ ಕಟ್ಟಿಕೊಂಡರು. ಆ ಮನೆ ನೋಡಲು ಜನ ಮುಗಿಬಿದ್ದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲ್ ಈಗ ಇರುವುದು ಅಲ್ಲಿಯೇ. ನಮ್ಮ ಕಡೆಯ ಮನೆಯನ್ನು ನೋಡಲು ನಾವು ಕರಾವಳಿಗೆ ಹೋಗಿ ಟಿಕೆಟ್ ತೆಗೆಸಬೇಕು.

ಆಂಟಿಕ್ ಅಂಗಡಿಗೆ ಹೋಗಿ ಎಂದು ನಾವು ಹೇಳುತ್ತಿಲ್ಲ, ಅದು ಬೇರೆಯವರ ಶೋಕಿ. ಒಳ್ಳೆಯ ಹಳೇ ಸಾಮಾನು ಸಿಗುವ ಜಾಗ ಬೇರೆ. ಮೇ, ಜೂನ್ ತಿಂಗಳು ವರ್ಗಾವಣೆ ಕಾಲ. ತಾಲೂಕಿನಲ್ಲಿ ಬಾಡಿಗೆ ಮನೆಯಲ್ಲಿರುವ ನೌಕರರು, ಬ್ಯಾಂಕಿನವರು, ಮೇಷ್ಟ್ರು ಊರು ಬಿಡುವಾಗ ಟೇಬಲ್ಲು, ಮಂಚ, ಕಬ್ಬಿಣದ ಟ್ರೇಜರಿ ಹೊತ್ತುಕೊಂಡು ಹೋಗಲಾರದೆ ಬಂದ ರೇಟಿಗೆ ಕೊಡುತ್ತಾರೆ. ಇನ್ನೊಂದು, ಜಿಲ್ಲಾ ಪತ್ರಿಕೆಯ ಒಳಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ 'ನಿರುಪಯುಕ್ತ ಸಾಮಗ್ರಿಗಳ ಹರಾಜು' ಎಂಬ ಪ್ರಕಟಣೆ ಬರುತ್ತದೆ. ಅದನ್ನು ನಾವು ಪತ್ರಕರ್ತರೂ ಓದುವುದಿಲ್ಲ, ಗುಜರಿ ವ್ಯಾಪಾರಿ ಮಾತ್ರ ಓದುತ್ತಾನೆ. ಕಚೇರಿಯ ಹಳೇ ಬೆಂಚು, ಕುರ್ಚಿ, ಕಪಾಟು ಲಾಟಿನಲ್ಲಿ ಹೋಗುತ್ತವೆ. ಒಬ್ಬರಿಗೆ ಲಾಟು ಹೆಚ್ಚಾದರೆ ನಾಲ್ಕು ಮನೆಯವರು ಕೂಡಿ ಕೂಗಿ.

ನೋಡುವುದು ಹೇಗೆ? ಎತ್ತಿನ ಹಲ್ಲು, ಸುಳಿ ನೋಡುವ ಊರಿನವರಿಗೆ ಮಂಚ ನೋಡುವುದನ್ನು ಕಲಿಸಬೇಕಿಲ್ಲ, ಆದರೂ ಹೇಳುತ್ತೇವೆ. ಮೇಲಿನ ಪಾಲಿಶ್ ನೋಡಬೇಡಿ, ಮಗುಚಿ ಹಾಕಿ ತಳ ನೋಡಿ. ತಳಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ. ಅಲ್ಲಿ ಬ್ಲೇಡಿನಿಂದ ಚೂರು ಕೆರೆದರೆ ಸಾಗವಾನಿ ಹೊನ್ನಿನ ಬಣ್ಣಕ್ಕೆ ತಿರುಗಿದ ಕಂದು ತೋರಿಸುತ್ತದೆ, ಎಣ್ಣೆಯ ವಾಸನೆ ಬರುತ್ತದೆ. ಸೂಜಿ ಚುಚ್ಚಿದಂಥ ತೂತುಗಳಿದ್ದು ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ, ಬಿಟ್ಟುಬಿಡಿ. ಬೆರಳಗಂಟಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಗೆದ್ದಲು. ಒಂದು ಮೂಲೆ ಹಿಡಿದು ಎತ್ತಿ, ಕೀಲು ಅಲುಗಿದರೆ ಹೆದರಬೇಡಿ, ಗಟ್ಟಿ ಮರವಾದರೆ ಬಡಿಗೇರ ಅದನ್ನು ಬಿಚ್ಚಿ ಮತ್ತೆ ಕೂಡಿಸುತ್ತಾನೆ.

ತಗಣಿ ಭಯ ಇದ್ದದ್ದೇ. ಮನೆಯೊಳಗೆ ತರುವ ಮೊದಲು ಅಂಗಳದಲ್ಲೇ ಸಂದುಸಂದಿಗೆ ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಹಳೇ ಗಾದಿ, ಬಟ್ಟೆ ಹೊದಿಸಿದ ಸೋಫಾ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಗುಜರಿಯಿಂದ ತಂದರೆ ಚೀಟಿ ಬರೆಸಿಕೊಳ್ಳಿ, ನಾಳೆ ಕಳವಿನ ಮಾಲು ಎಂದರೆ ಉತ್ತರ ಹೇಳಲು ಬೇಕು.

ಈಗ ನಮ್ಮ ಮನೆಯ ಲೆಕ್ಕ. ವರ್ಗವಾಗಿ ಹೋದವರಿಂದ ತಂದ ಕಬ್ಬಿಣದ ಟ್ರೇಜರಿ 3,500. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಹಸಿರು ಬಣ್ಣ ಬಳಿದೆವು, 600. ಶಾಲೆಯ ಬೆಂಚು 400, ಅದರ ಮೇಲೆ ಅವ್ವನ ಕೌದಿ ಮಡಿಸಿ ಹಾಸಿದರೆ ಬಂದವರು ಮೊದಲು ಅಲ್ಲೇ ಕೂಡುತ್ತಾರೆ. ಕಚೇರಿಯ ಟೇಬಲ್ಲು 900. ಯಾವ ಗುಮಾಸ್ತ ಚೆಲ್ಲಿದನೋ, ಶಾಯಿ ಕಲೆ ಉಜ್ಜಿದರೂ ಹೋಗಲಿಲ್ಲ. ಈ ಬರಹ ಅದರ ಮೇಲೆಯೇ ಬರೆದದ್ದು. ಉಬ್ಬಿದ ವಾರ್ಡ್‌ರೋಬಿನ ಅರ್ಧ ಕೂಡ ಆಗಲಿಲ್ಲ, ಕಂತಂತೂ ಒಂದೂ ಇಲ್ಲ.

ಮನೆಗೆ ತಂದದ್ದು ಸುಲಭವಾಯಿತು. ಲಗ್ನಕ್ಕೆ ಕೊಡುವುದು ಬೇರೆಯೇ ಮಾತು. ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದರೆ ಅದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೇ ಯಾರೂ ಕೇಳುವುದಿಲ್ಲ. "ನಮಗೇನೂ ಬ್ಯಾಡ್ರಿ, ನಿಮ್ಮ ಮಗಳಿಗೆ ನೀವು ಕೊಡೂದು ಕೊಡ್ರಿ" ಎಂದು ನಗುತ್ತಾರೆ. ಆ ನಗೆಗೆ ಹೆದರಿ ಅಪ್ಪಂದಿರು ಸಹಿ ಹಾಕುತ್ತಾರೆ.

ಮಾಘ ಮಾಸದಲ್ಲಿ ನಮ್ಮ ತಂಗಿಯ ಲಗ್ನ. ನಿವೃತ್ತ ಮೇಷ್ಟ್ರೊಬ್ಬರ ಮನೆಯಿಂದ 4,000 ರೂಪಾಯಿಗೆ ಸಾಗವಾನಿ ಮಂಚ ತಂದಿದ್ದೇವೆ. ತಲೆದೆಸೆಗೆ ಎರಡು ಗಿಳಿ ಕೆತ್ತಿದ್ದಾರೆ, ಒಂದರ ಕೊಕ್ಕು ಮುರಿದಿತ್ತು, ಕಾಕಾ ಹೊಸದು ಕೂಡಿಸಿದ. ಬೀಗರಿಗೆ ಫೋನ್ ಮಾಡಿ, ಇದನ್ನೇ ಕೊಡುತ್ತೇವೆ, ಸಾಲ ಮಾಡುವುದಿಲ್ಲ ಎಂದು ಹೇಳಿದ್ದೇವೆ. ಹುಡುಗ "ನಂದೇನೂ ತಕರಾರಿಲ್ರೀ" ಅಂದ. ಅವನ ಸೋದರಮಾವ ಫೋನ್ ಇಸಕೊಂಡು, "ಮಂದಿ ಏನಂತಾರ, ಮನ್ಯಾಗ ಕೂತು ಮಾತಾಡಿ ಹೇಳ್ತೀವ್ರಿ" ಅಂದರು. ಹೇಳಿ ಎಂಟು ದಿನವಾಯಿತು.

ಪಾಲಿಶ್ ಪೇಪರಿನಿಂದ ಉಜ್ಜಿ ನಿನ್ನೆ ಎರಡನೇ ಸಲ ಅಗಸಿ ಎಣ್ಣಿ ಹಚ್ಚಿದೆವು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹರವಿ ಒಣಗಿಸಿ. ಮಂಚ ಪಡಸಾಲೆಯಲ್ಲಿದೆ. ತಂಗಿ ದಿನಕ್ಕೆ ನಾಲ್ಕು ಸಲ ಬಂದು ಬೆರಳು ಮುಟ್ಟಿಸಿ ಒಣಗಿತೇ ಎಂದು ನೋಡಿ ಹೋಗುತ್ತಾಳೆ.