‘ಸಖತ್ ಮಗಾ’ ಅಂದ್ರೆ ಸಾಕಾ?

ನಮ್ಮ ಕ್ಯಾಂಪಸ್ಸಿನಲ್ಲಿ ಫೋಟೊ ತೆಗೆಯೋರಿಗೆ ಬರ ಇಲ್ಲ. ಫೆಸ್ಟ್ ಬಂದ್ರೆ ಸ್ಟೇಜಿನ ಮುಂದೆ ಕ್ಯಾಮೆರಾಗಳದ್ದೇ ಸಾಲು. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಮುಳ್ಳಯ್ಯನಗಿರಿಗೋ ಕುದುರೆಮುಖಕ್ಕೋ ಹೋಗಿಬಂದವರ ಲ್ಯಾಂಡ್‌ಸ್ಕೇಪ್‌ಗಳು ಗ್ರೂಪಿನಲ್ಲಿ ಒಂದರ ಹಿಂದೊಂದು ಬೀಳ್ತವೆ. ಬರ ಇರೋದು ಆ ಫೋಟೊ ನೋಡಿ ಒಂದು ಉಪಯೋಗಕ್ಕೆ ಬರುವ ಮಾತು ಹೇಳೋರಿಗೆ. ಸಿಗೋದು ಎರಡೇ ಥರದ ಉತ್ತರ: ‘ಸಖತ್ ಮಗಾ’ ಅಥವಾ ‘ಏನೋ ಇದು, ಎಡಿಟಿಂಗ್ ಜಾಸ್ತಿ ಆಯ್ತು’. ಮೊದಲನೆಯದರಿಂದ ಖುಷಿ ಆಗುತ್ತೆ, ಎರಡನೆಯದರಿಂದ ಬೇಜಾರಾಗುತ್ತೆ. ಮುಂದಿನ ಫೋಟೊ ಮಾತ್ರ ಎರಡರಿಂದಲೂ ಸುಧಾರಿಸಲ್ಲ.

ಯಾರಾದ್ರೂ ಇನ್‌ಫ್ರಾರೆಡ್ ಫೋಟೊ ಹಾಕಿದಾಗ ಈ ಸಮಸ್ಯೆ ಇನ್ನೂ ಎದ್ದು ಕಾಣುತ್ತೆ. ಮರದ ಎಲೆಯೆಲ್ಲ ಹಿಮ ಬಿದ್ದ ಹಾಗೆ ಬೆಳ್ಳಗೆ, ಆಕಾಶ ಕಪ್ಪು, ನೀರು ಇನ್ನೂ ಕಪ್ಪು. ‘ಫೇಕ್’ ಅಂತ ಒಬ್ಬರು ಬರೆದರೆ ಹತ್ತು ಜನ ನಗುವ ಇಮೋಜಿ ಹಾಕ್ತಾರೆ. ಆದರೆ ಅಲ್ಲಿ ಫೇಕ್ ಏನೂ ಇಲ್ಲ. ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೊಮೀಟರ್‌ವರೆಗಿನ ಬೆಳಕನ್ನ ಗ್ರಹಿಸಬಲ್ಲದು. ನಮ್ಮ ಕಣ್ಣಿಗೆ ಕಾಣುವ ಬಣ್ಣಗಳು ಕೆಡದಿರಲಿ ಅಂತ ಕಂಪನಿಗಳೇ ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಕೂರಿಸಿರ್ತವೆ. ಅದನ್ನ ತೆಗೆಸಿದರೆ, ಇಲ್ಲವೇ ಲೆನ್ಸಿನ ಮುಂದೆ 720 ನ್ಯಾನೊಮೀಟರ್ ಫಿಲ್ಟರ್ ಹಾಕಿ ತುಂಬಾ ಹೊತ್ತು ಎಕ್ಸ್‌ಪೋಸ್ ಮಾಡಿದರೆ, ಈ ಇನ್ನೊಂದು ಲೋಕ ಕಾಣುತ್ತೆ. ಕ್ಲೋರೊಫಿಲ್ ಕೆಂಪು ಬೆಳಕನ್ನ ಹೀರಿಕೊಳ್ಳುತ್ತೆ, ಅದರಾಚೆಯ ಇನ್‌ಫ್ರಾರೆಡ್ ಅನ್ನ ಹೆಚ್ಚೇನೂ ಹೀರೋದಿಲ್ಲ. ಎಲೆಯ ಒಳಗಿನ ಜೀವಕೋಶಗಳ ರಚನೆ ಅದನ್ನ ಚದುರಿಸಿ ವಾಪಸ್ ಕಳಿಸುತ್ತೆ. 1910ರಲ್ಲಿ ಇಂಥ ಫೋಟೊಗಳನ್ನ ಪ್ರಕಟಿಸಿದ ರಾಬರ್ಟ್ ವುಡ್ ಹೆಸರಲ್ಲಿ ಇದಕ್ಕೆ ವುಡ್ ಎಫೆಕ್ಟ್ ಅಂತಾರೆ. ಇನ್ನು ಆಕಾಶ ಕಪ್ಪಾಗೋದು ನಾವೇ ಪರೀಕ್ಷೆಯಲ್ಲಿ ಬರೆದ ರೇಲೀ ಸ್ಕ್ಯಾಟರಿಂಗ್‌ನಿಂದ. ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. 400 ನ್ಯಾನೊಮೀಟರ್ ಬೆಳಕಿಗೆ ಹೋಲಿಸಿದರೆ 800ರದ್ದು 16 ಪಟ್ಟು ಕಮ್ಮಿ ಚದುರುತ್ತೆ. ಫಾರ್ಮುಲಾ ಗೊತ್ತಿದ್ದೂ ಫೋಟೊ ನೋಡಿ ‘ಫೇಕ್’ ಅಂದ್ರೆ, ಓದಿದ್ದು ಎಲ್ಲಿಗೆ ಹೋಯ್ತು?

ನಮ್ಮ ವಾದ ಇಷ್ಟೇ. ಒಂದು ಫೋಟೊದಲ್ಲಿ ಮೂರು ಸಂಗತಿ ಬೆರೆತಿರುತ್ತವೆ: ಪ್ರಕೃತಿ ಮಾಡಿದ್ದು, ಸಲಕರಣೆ ಮಾಡಿದ್ದು, ತೆಗೆದವರು ಬೇಕಂತಲೇ ಮಾಡಿದ್ದು. ಫೀಡ್‌ಬ್ಯಾಕ್ ಕೊಡೋ ಮುಂಚೆ ಈ ಮೂರನ್ನ ಬೇರೆ ಮಾಡ್ಕೋಬೇಕು. ಬಿಳಿ ಎಲೆ ಪ್ರಕೃತಿಯ ಕೆಲಸ, ಅದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಫೋಟೊದ ನಡುವೆ ಮಸುಕಾದ ಬಿಳಿ ವೃತ್ತ ಕಂಡರೆ ಅದು ಹಾಟ್‌ಸ್ಪಾಟ್, ಸಲಕರಣೆಯ ದೋಷ. ಲೆನ್ಸಿನ ಒಳಗಿನ ಪ್ರತಿಫಲನದಿಂದ ಬರುತ್ತೆ, ಅಪರ್ಚರ್ ಚಿಕ್ಕದು ಮಾಡಿದಷ್ಟೂ ಎದ್ದು ಕಾಣುತ್ತೆ. ಇನ್ನೊಂದು ಕಡೆ, ಇನ್‌ಫ್ರಾರೆಡ್ ಫೋಕಸ್ ಆಗುವ ಜಾಗವೇ ಸ್ವಲ್ಪ ಬೇರೆ. ಹಳೇ ಮ್ಯಾನುಯಲ್ ಲೆನ್ಸ್‌ಗಳ ಮೇಲೆ ಇದಕ್ಕಂತಲೇ ಒಂದು ಕೆಂಪು ಗುರುತು ಇರ್ತಿತ್ತು. ಆ ಫೋಕಸ್ ವ್ಯತ್ಯಾಸ ಮುಚ್ಚಿಹಾಕೋಕೆ ಅಪರ್ಚರ್ ಚಿಕ್ಕದು ಮಾಡಬೇಕು, ಮಾಡಿದರೆ ಹಾಟ್‌ಸ್ಪಾಟ್ ಕಾಟ. ನಮಗೆ ಚೆನ್ನಾಗಿ ಗೊತ್ತಿರೋ ಟ್ರೇಡ್‌ಆಫ್ ಇದು. ‘ಚೆನ್ನಾಗಿಲ್ಲ’ ಅನ್ನೋ ಬದಲು ‘ನಡುವೆ ಹಾಟ್‌ಸ್ಪಾಟ್ ಇದೆ, ಒಂದೆರಡು ಸ್ಟಾಪ್ ತೆರೆದು ನೋಡು, ಆಗಲಿಲ್ಲ ಅಂದ್ರೆ ಬೇರೆ ಲೆನ್ಸ್ ಹಾಕು’ ಅಂದರೆ ಆ ಜೂನಿಯರ್ ನಾಳೆಯೇ ಸರಿ ಮಾಡ್ಕೋತಾರೆ.

ಮೂರನೆಯದು ಬೇಕಂತಲೇ ಮಾಡಿದ್ದು. ಇಲ್ಲಿ ತೀರ್ಪು ಕೊಡೋ ಮುಂಚೆ ಪ್ರಶ್ನೆ ಕೇಳಬೇಕು. ಕೆಂಪು, ನೀಲಿ ಚಾನೆಲ್ ಅದಲುಬದಲು ಮಾಡಿ ಆಕಾಶ ನೀಲಿ ಮಾಡಿದ್ದು ಯಾಕೆ? ಹತ್ತು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ತೆಂಗಿನ ಗರಿ ಅಲುಗಾಡಿ ಹೊಗೆ ಥರ ಆಗಿದೆ, ಅದು ಗಾಳಿಯನ್ನ ತೋರಿಸೋಕಾ, ಇಲ್ಲ ಕೈಮೀರಿ ಹೋಯ್ತಾ? ರಿಚರ್ಡ್ ಮಾಸ್ ಅನ್ನೋ ಐರಿಷ್ ಛಾಯಾಗ್ರಾಹಕ ಕಾಂಗೋದ ಯುದ್ಧಭೂಮಿಯನ್ನ ಕೊಡಾಕ್ ಏರೋಕ್ರೋಮ್ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆದರು. ಕಾಡೆಲ್ಲ ಗುಲಾಬಿ. ಅದು ಮರೆಮಾಚಿದ ಸೇನಾ ನೆಲೆ ಪತ್ತೆಹಚ್ಚೋಕೆ ಬಳಸುತ್ತಿದ್ದ ಜಾತಿಯ ಫಿಲ್ಮು. 2013ರ ವೆನಿಸ್ ಬಿಯೆನಾಲೆಯಲ್ಲಿ ಆ ಕೆಲಸ ಪ್ರದರ್ಶನವಾಯ್ತು. ‘ಹುಲ್ಲು ಯಾಕೆ ಗುಲಾಬಿ?’ ಅಂತ ನಕ್ಕರೆ ಮಾತು ಅಲ್ಲಿಗೇ ಮುಗೀತು. ‘ಯುದ್ಧವನ್ನ ಇಷ್ಟು ಚೆಂದ ತೋರಿಸಬಹುದಾ?’ ಅಂತ ಕೇಳಿದರೆ ಅದು ನಿಜವಾದ ವಿಮರ್ಶೆ. ತೆಗೆದವರೂ ನೋಡಿದವರೂ ಇಬ್ಬರೂ ಯೋಚನೆ ಮಾಡಬೇಕಾಗುತ್ತೆ.

ಸಾಮಾನ್ಯ ಲ್ಯಾಂಡ್‌ಸ್ಕೇಪಿಗೂ ಇದೇ ಮಾತು. ಹಂಪಿಯ ಮಾತಂಗ ಬೆಟ್ಟದ ಮೇಲಿಂದ ತೆಗೆದ ಫೋಟೊ ಅಂದ್ಕೊಳ್ಳಿ. ‘ವ್ಯೂ ಸೂಪರ್’ ಅಂದ್ರೆ ಅದು ಹಂಪಿಗೆ ಸಿಕ್ಕ ಹೊಗಳಿಕೆ, ಫೋಟೊಗಲ್ಲ. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಎಲ್ಲಿ ಸಿಕ್ಕಿಹಾಕೊಳ್ತು ಅಂತ ಹೇಳಿ. ದಿಗಂತ ಎಡಕ್ಕೆ ವಾಲಿದೆಯಾ? ಶಾರ್ಪ್‌ನೆಸ್ ಜಾಸ್ತಿಯಾಗಿ ಬಂಡೆಯ ಅಂಚಿನಲ್ಲಿ ಬಿಳಿ ಗೆರೆ ಬಂದಿದೆಯಾ? ಅದೇ ಜಾಗ ಇನ್‌ಫ್ರಾರೆಡ್‌ನಲ್ಲಾದ್ರೆ ಬಾಳೆತೋಟ ಬಿಳಿ, ಬಂಡೆ ಬೂದು, ತುಂಗಭದ್ರೆ ಕಪ್ಪು ಆಗಿ ಮೂರು ಪದರ ಬಿಡಿಬಿಡಿಯಾಗಿ ಸಿಗುತ್ತೆ. ಅಷ್ಟು ಸಿಕ್ಕಿದ ಮೇಲೂ ಫೋಟೊ ಗಜಿಬಿಜಿ ಅನ್ನಿಸಿದರೆ ತೊಂದರೆ ಫ್ರೇಮಿಂಗ್‌ನಲ್ಲಿದೆ, ಅದನ್ನೇ ಹೇಳಿ.

‘ಹಾಬಿ ಗುರು, ಇಷ್ಟೊಂದು ಸೀರಿಯಸ್ ಯಾಕೆ? ಫ್ರೆಂಡ್‌ಶಿಪ್ ಹಾಳಾಗುತ್ತೆ’ ಅನ್ನೋರಿದ್ದಾರೆ. ಪ್ರಾಜೆಕ್ಟಿನಲ್ಲಿ ಗೆಳೆಯನ ಕೋಡ್ ನೋಡಿ ‘ಸಖತ್ ಮಗಾ’ ಅಂತ ಬಿಡ್ತೀವಾ? ಯಾವ ಲೈನಿನಲ್ಲಿ ಬಗ್ ಅಂತ ತೋರಿಸ್ತೀವಿ. ಯಾರೂ ಮುನಿಸಿಕೊಳ್ಳಲ್ಲ, ಯಾಕಂದ್ರೆ ಮಾತು ಕೋಡಿನ ಬಗ್ಗೆ, ಬರೆದವನ ಬಗ್ಗೆ ಅಲ್ಲ. ಫೋಟೊ ಕೋಡಿಗಿಂತ ಮನಸ್ಸಿಗೆ ಹತ್ತಿರ ಅನ್ನೋದು ನಿಜ. ಅದಕ್ಕೇ ಇನ್ನೂ ಜೋಪಾನ ಬೇಕು. ರೂಮ್‌ಮೇಟ್ ಕ್ಯಾಮೆರಾ ಸಾಲ ಪಡೆದು, ಬೆಳಗ್ಗೆ ನಾಲ್ಕಕ್ಕೆ ಎದ್ದು ಬೆಟ್ಟ ಹತ್ತಿ ಬಂದ ಫಸ್ಟ್ ಇಯರ್ ಹುಡುಗಿಗೆ ‘ಕ್ಯಾಮೆರಾ ಒಳ್ಳೇದಿದೆ’ ಅಂತ ಮಾತ್ರ ಹೇಳಿದರೆ ಅದು ಹೊಗಳಿಕೆ ಅಲ್ಲ, ಅವಮಾನ. ಗ್ರೂಪಿನಲ್ಲಿ ನಕ್ಕರೆ ಆಕೆ ಫೋಟೊ ಹಾಕೋದನ್ನೇ ನಿಲ್ಲಿಸ್ತಾಳೆ. ಯಾರೂ ಏನೂ ಹೇಳದಿದ್ರೂ ನಿಲ್ಲಿಸ್ತಾಳೆ, ಸ್ವಲ್ಪ ತಡವಾಗಿ ಅಷ್ಟೆ. ಉಳಿಯೋದು ಆಗಲೇ ಧೈರ್ಯ ಇರೋ ನಾಲ್ಕು ಸೀನಿಯರ್‌ಗಳು, ಅದೇ ನಂದಿ ಬೆಟ್ಟದ ಅದೇ ಸೂರ್ಯೋದಯ.

ಫೋಟೊ ಹಾಕೋರಿಗೂ ಒಂದು ಮಾತು. ಎರಡು ಸಾಲು ಬರೆದು ಹಾಕಿ: ಏನು ತೋರಿಸೋಕೆ ಹೊರಟಿದ್ರಿ, ಯಾವುದರ ಬಗ್ಗೆ ಅಭಿಪ್ರಾಯ ಬೇಕು. ಬಂದ ಉತ್ತರಕ್ಕೆ ತಕ್ಷಣ ಸಮರ್ಥನೆ ಶುರು ಮಾಡಬೇಡಿ. ಒಂದು ರಾತ್ರಿ ಕಳೀಲಿ. ಹೇಳಿದ್ದನ್ನೆಲ್ಲ ಒಪ್ಪಬೇಕು ಅಂತಿಲ್ಲ, ಒಪ್ಪದಿರೋಕೆ ನಿಮ್ಮ ಹತ್ತಿರ ಕಾರಣ ಇದ್ದರೆ ಸಾಕು.

ನಮ್ಮ ಸಲಹೆ: ತಿಂಗಳಿಗೊಂದು ಶನಿವಾರ ಯಾವುದಾದ್ರೂ ಖಾಲಿ ಕ್ಲಾಸ್‌ರೂಮಿನಲ್ಲಿ ಸೇರೋಣ. ಐದೇ ಫೋಟೊ, ಒಂದಕ್ಕೆ ಹತ್ತು ನಿಮಿಷ. ಮೊದಲ ಐದು ನಿಮಿಷ ತೆಗೆದವರು ಬಾಯಿ ಬಿಡಬಾರದು, ಉಳಿದವರು ‘ಸೂಪರ್’ ಅನ್ನೋ ಪದ ಬಳಸಬಾರದು. ಸಲಕರಣೆಯ ದೋಷ ಎಲ್ಲರೆದುರೇ ಹೇಳೋಣ, ಕಲಿಯೋದು ಎಲ್ಲರೂ ತಾನೆ? ಇಷ್ಟ-ಕಷ್ಟದ ಮಾತು ಆಮೇಲೆ ಕ್ಯಾಂಟೀನಿನಲ್ಲಿ, ಟೀ ಜೊತೆ.